ಕರೆಂಟ್ ಹೋಗಿ ಬಂದರೂ ಬಿಲ್ಲಿಂಗ್ ನಿಲ್ಲಬಾರದು: ಸಿಸ್ಟಮ್‌ಡಿ ಬಳಸಿ ನೋಡಿದ ಮೇಲೆ

ಉಡುಪಿ ರಥಬೀದಿಯ ಹತ್ತಿರ ನನ್ನ ಮಾವನ ಬಟ್ಟೆ ಅಂಗಡಿ ಇದೆ. ಬಿಲ್ಲಿಂಗ್‌ಗೆ ನಾನೇ ಬರೆದುಕೊಟ್ಟ ಸಣ್ಣ ಸರ್ವರ್ ಅಪ್ಲಿಕೇಶನ್, ಒಳಕೋಣೆಯ ಹಳೇ ಡೆಸ್ಕ್‌ಟಾಪ್‌ನಲ್ಲಿ ಡೆಬಿಯನ್ ಲಿನಕ್ಸ್ ಮೇಲೆ ಓಡುತ್ತದೆ. ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದರೆ ಕಂಪ್ಯೂಟರ್ ತಾನಾಗಿ ಆನ್ ಆಗುತ್ತಿತ್ತು, ಬಯಾಸ್‌ನಲ್ಲಿ ಹಾಗೆ ಸೆಟ್ ಮಾಡಿಟ್ಟಿದ್ದೆ, ಆದರೆ ಅಪ್ಲಿಕೇಶನ್ ಮಾತ್ರ ಏಳುತ್ತಿರಲಿಲ್ಲ. ನಾನು ಮಣಿಪಾಲದಲ್ಲಿ ಕೆಲಸದಲ್ಲಿರುವಾಗ ಮಾವನ ಫೋನ್. "ಪುನಃ ಬಿಲ್ ಬರುದಿಲ್ಲ ಮಾರಾಯ, ಎಂತ ಮಾಡುದು? ಗಿರಾಕಿಗಳು ಕಾಯ್ತಾ ಇದ್ದಾರೆ."

ಮೊದಲು ಕ್ರಾನ್‌ಟ್ಯಾಬ್‌ನಲ್ಲಿ, ಅಂದರೆ ಯಾವಾಗ ಯಾವ ಕೆಲಸ ತಾನಾಗಿ ಓಡಬೇಕು ಅಂತ ಬರೆದಿಡುವ ಪಟ್ಟಿಯಲ್ಲಿ, 'ರೀಬೂಟ್' ಸಾಲು ಹಾಕಿದೆ. ಶುರುವೇನೋ ಆಯಿತು. ಆದರೆ ಮಧ್ಯದಲ್ಲಿ ಅಪ್ಲಿಕೇಶನ್ ಸತ್ತರೆ ಎಬ್ಬಿಸುವವರು ಯಾರೂ ಇಲ್ಲ. ಆಮೇಲೆ ಸಿಸ್ಟಮ್‌ಡಿಗೆ ಬಂದೆ, ಲಿನಕ್ಸ್‌ನಲ್ಲಿ ಪ್ರೋಗ್ರಾಮ್‌ಗಳನ್ನು ಶುರು ಮಾಡಿ ನೋಡಿಕೊಳ್ಳುವುದು ಇದರ ಕೆಲಸ. 2015ರ ಡೆಬಿಯನ್ 8ರಿಂದ ಅದು ಜೊತೆಗೇ ಬರುತ್ತದೆ, ಒಂದು ಪೈಸೆ ಖರ್ಚಿಲ್ಲ. ಹತ್ತು ಹನ್ನೆರಡು ಸಾಲಿನ ಒಂದು ಸರ್ವಿಸ್ ಫೈಲ್ ಬರೆದರೆ ಸಾಕು: ಯಾವ ಪ್ರೋಗ್ರಾಮ್, ಯಾವ ಯೂಸರ್ ಹೆಸರಲ್ಲಿ, ಯಾವುದರ ನಂತರ. ಒಂದು ಮಾತು ನೆನಪಿಡಿ, 'ಸ್ಟಾರ್ಟ್' ಅಂದರೆ ಈಗ ಓಡಿಸು ಅಂತ ಅಷ್ಟೇ, ಪ್ರತಿ ಸಲ ಬೂಟ್ ಆದಾಗ ಓಡಬೇಕಾದರೆ 'ಎನೇಬಲ್' ಬೇಕು. ಎರಡೂ ಒಂದೇ ಅಂದುಕೊಂಡು ತುಂಬಾ ಜನ ಇಲ್ಲೇ ಎಡವುತ್ತಾರೆ.

ನನಗೆ ನಿಜವಾಗಿ ಪಾಠ ಕಲಿಸಿದ್ದು ಬೇರೆ. ಸರ್ವಿಸ್ ಫೈಲ್‌ನಲ್ಲಿ 'ರೀಸ್ಟಾರ್ಟ್' ಅನ್ನು 'ಆಲ್ವೇಸ್' ಅಂತ, ಅಂದರೆ ಬಿದ್ದಾಗಲೆಲ್ಲ ಮತ್ತೆ ಎಬ್ಬಿಸು ಅಂತ ಇಟ್ಟು ನೆಮ್ಮದಿಯಿಂದ ಇದ್ದೆ. ಒಂದು ಬೆಳಿಗ್ಗೆ ಪುನಃ ಅದೇ ಫೋನ್. ಲಾಗ್ ತೆಗೆದು ನೋಡಿದರೆ 'ಸ್ಟಾರ್ಟ್ ರಿಕ್ವೆಸ್ಟ್ ರಿಪೀಟೆಡ್ ಟೂ ಕ್ವಿಕ್ಲಿ' ಅಂತ ಇತ್ತು. ಆದದ್ದಿಷ್ಟು: ಏಕಾಏಕಿ ಕರೆಂಟ್ ಹೋದದ್ದರಿಂದ ಅಪ್ಲಿಕೇಶನ್‌ನ ಡೇಟಾಬೇಸ್ ಮಾರಿಯಾಡಿಬಿ ತನ್ನ ಡೇಟಾ ಸರಿಮಾಡಿಕೊಂಡು ಏಳುವುದಕ್ಕೆ ಹೊತ್ತು ತೆಗೆದುಕೊಂಡಿದೆ, ನನ್ನ ಅಪ್ಲಿಕೇಶನ್ ಅದಕ್ಕೆ ಕಾಯದೆ ಬಿದ್ದಿದೆ, ಸಿಸ್ಟಮ್‌ಡಿ ಬರೀ 100 ಮಿಲಿಸೆಕೆಂಡ್ ಬಿಟ್ಟು ಮತ್ತೆ ಮತ್ತೆ ಎಬ್ಬಿಸಿದೆ, 10 ಸೆಕೆಂಡಿನೊಳಗೆ 5 ಸಲ ಆದ ಮೇಲೆ ಕೈಬಿಟ್ಟಿದೆ. ಅದರ ಡೀಫಾಲ್ಟ್ ಲೆಕ್ಕವೇ ಹಾಗೆ. ಅದು ಎದ್ದ ಮೇಲೇ ಇದು ಏಳಲಿ ಅಂತ 'ಆಫ್ಟರ್' ಸಾಲಿನಲ್ಲಿ ಮಾರಿಯಾಡಿಬಿ ಹೆಸರು ಹಾಕಿದೆ, ಬಿದ್ದರೆ 5 ಸೆಕೆಂಡ್ ಬಿಟ್ಟು ಎಬ್ಬಿಸಲಿ ಅಂತ 'ರೀಸ್ಟಾರ್ಟ್‌ಸೆಕ್' 5 ಮಾಡಿದೆ. ಅಲ್ಲಿಗೆ ಆ ತೊಂದರೆ ಮುಗಿಯಿತು.

ನನಗೆ ಇಷ್ಟವಾಗದ್ದೂ ಇದೆ. ಫೈಲ್ ತಿದ್ದಿದ ಮೇಲೆ 'ಡೀಮನ್ ರೀಲೋಡ್' ಮಾಡಿ ಅದನ್ನು ಪುನಃ ಓದಿಸದಿದ್ದರೆ ಹಳೇ ಫೈಲೇ ಓಡುತ್ತದೆ. ಟರ್ಮಿನಲ್‌ನಲ್ಲಿ ಸರಿಯಾಗಿ ಓಡುವ ಪ್ರೋಗ್ರಾಮ್ ಇಲ್ಲಿ ಸುಮ್ನೆ ಬೀಳಬಹುದು, ಯಾಕೆಂದರೆ ಸಿಸ್ಟಮ್‌ಡಿ ಟರ್ಮಿನಲ್‌ನಲ್ಲಿರುವ ನಮ್ಮ ಬ್ಯಾಶ್ ಸೆಟ್ಟಿಂಗ್ ಓದುವುದೇ ಇಲ್ಲ. ಹೊಸಬರಿಗೆ ಇದು ಜಾಸ್ತಿ ತಲೆನೋವು. ಅದಕ್ಕೇ 5ಕ್ಕೆ 4 ಕೊಡುತ್ತೇನೆ. ಯುಪಿಎಸ್ ಅಂತೂ ಬೇಕೇ ಬೇಕು, ಡಿಸ್ಕ್ ಹಾಳಾಗುವುದನ್ನು ಯಾವ ಸಾಫ್ಟ್‌ವೇರೂ ತಡೆಯುವುದಿಲ್ಲ ಅಲ್ವಾ.

ವಿಟ್ಲಪಿಂಡಿ ಹಬ್ಬದ ದಿನ ಅಂಗಡಿಯಲ್ಲಿ ಕಾಲಿಡಲು ಜಾಗ ಇರಲಿಲ್ಲ. ಮಧ್ಯಾಹ್ನದೊಳಗೆ ಎರಡು ಸಲ ಕರೆಂಟ್ ಹೋಗಿತ್ತಂತೆ. ನನಗೆ ಗೊತ್ತಾದದ್ದು ಸಂಜೆ ಲಾಗ್ ನೋಡಿದಾಗಲೇ.