ಮಳೆನಾಡಿಗೆ ಬಂದ ಒಪಿನೆಲ್ ಪೀಶಕತ್ತಿ

ಬಹುಕಾಲದಿಂದ ಆಸೆಪಟ್ಟಿದ್ದ ಒಪಿನೆಲ್ 8ನೇ ನಂಬರಿನ ಮಡಚುವ ಪೀಶಕತ್ತಿ ಕೊನೆಗೂ ಕೈಸೇರಿದೆ. ಫ್ರಾನ್ಸಿನ ಸವೊಯಾ ಪ್ರಾಂತದಲ್ಲಿ 1890ರಲ್ಲಿ ಜೋಸೆಫ್ ಒಪಿನೆಲ್ ರೂಪಿಸಿದ ಈ ಕತ್ತಿಗೆ ಬೀಚ್ ಮರದ ದುಂಡನೆಯ ಹಿಡಿ, 8.5 ಸೆಂಟಿಮೀಟರ್ ಉದ್ದದ ಅಲಗು, ಹಾಗೂ 1955ರಿಂದ, ತಿರುಗಿಸಿದರೆ ಅಲಗು ಮಡಚಿಕೊಳ್ಳದಂತೆ ತಡೆಯುವ ಉಕ್ಕಿನ ಬಳೆಯೊಂದಿದೆ.

ಅಲಗು ತೆಳ್ಳಗಿರುವುದೇ ಇದರ ದೊಡ್ಡ ಗುಣ. ಕಾಸರಗೋಡಿನ ನಮ್ಮ ಅಡಿಕೆ ತೋಟದಲ್ಲಿ ಬಾಳೆನಾರು ಸೀಳುವುದಕ್ಕೆ, ಗೊಬ್ಬರದ ಚೀಲದ ಹೊಲಿಗೆ ಬಿಚ್ಚುವುದಕ್ಕೆ, ಊಟದ ಬಳಿಕ ಹಸಿ ಅಡಿಕೆ ಹೋಳು ಮಾಡುವುದಕ್ಕೆ ಇದು ಹೇಳಿ ಮಾಡಿಸಿದಂತಿದೆ. ಎಳನೀರು ಕೆತ್ತುವ ಕೆಲಸಕ್ಕೆ ಮಾತ್ರ ಹಳೆಯ ಕತ್ತಿಯೇ ಆಗಬೇಕು.

ನಾನು ಆರಿಸಿದ್ದು ಕಾರ್ಬನ್ ಉಕ್ಕಿನ ಅಲಗು. ನಯವಾದ ಸಾಣೆಕಲ್ಲಿನ ಮೇಲೆ ನಾಲ್ಕು ಬಾರಿ ಎಳೆದರೆ ಹರಿತ ಮರಳುತ್ತದೆ, ಆದರೆ ಅಡಿಕೆಯ ಚೊಗರು ತಾಗಿದಲ್ಲೆಲ್ಲ ಉಕ್ಕು ನೀಲಿಗಪ್ಪಾಗುತ್ತದೆ (ನನಗದು ಚಂದವೇ). ಒರಸಿ, ತೆಂಗಿನೆಣ್ಣೆ ಸವರಿಡದಿದ್ದರೆ ಆಟಿಯ ಮಳೆಯಲ್ಲಿ ತುಕ್ಕು ಖಂಡಿತ. ತೇವಕ್ಕೆ ಮರ ಉಬ್ಬಿ ಅಲಗು ಬಿಗಿದುಕೊಳ್ಳುವುದೂ ಸಹಜ. ಆಗ ಹಿಡಿಯ ತುದಿಯನ್ನು ಗಟ್ಟಿ ಜಾಗಕ್ಕೆ ಕುಟ್ಟಿ ಅಲಗನ್ನು ಹೊರಬರಿಸುವುದು ಸವೊಯಾದವರ ಹಳೆಯ ಉಪಾಯ, ಅದು ಇಲ್ಲಿಯೂ ಫಲಿಸುತ್ತದೆ. ತುಕ್ಕಿನ ಉಸಾಬರಿ ಬೇಡವೆನ್ನುವವರು ಸ್ಟೇನ್‌ಲೆಸ್ ಅಲಗಿನದನ್ನೇ ಕೊಳ್ಳಲಿ; ಆದರೆ ಬಿಡಿಸಲು ಎರಡೂ ಕೈ ಬೇಕಾಗುವುದರಿಂದ, ಏಣಿಯ ಮೇಲೆ ನಿಂತು ಕೆಲಸ ಮಾಡುವವರಿಗೆ ಯಾವುದನ್ನೂ ಶಿಫಾರಸು ಮಾಡಲಾರೆ.