ಲೈಕ್ ಬಟನ್ ಇಲ್ಲದ ಹಕ್ಕಿ ಆ್ಯಪ್: ಗಂಗಾವತಿ ಕಡೆಯಿಂದ ಇ-ಬರ್ಡ್ ರಿವ್ಯೂ

ಮೊದ್ಲ ಹೇಳಿಬಿಡ್ತೀನ್ರಿ, ಇದು ದೊಡ್ಡ ಲೆನ್ಸ್ ಹೆಗಲಿಗೆ ಹಾಕ್ಕೊಂಡು ತಿರುಗೋರಿಗೆ ಬರೆದ ರಿವ್ಯೂ ಅಲ್ಲ. ಹಕ್ಕಿ ನೋಡೋ ಹುಚ್ಚು ಹಂಗ ಐತಿ, ಹಕ್ಕಿ ಗ್ರೂಪ್‌ಗಳ ಕಾಟ ಮಾತ್ರ ಸಾಕಾಗೇತಿ ಅನ್ನೋರಿಗೆ. ನಾನು ಫೇಸ್‌ಬುಕ್ಕು ಇನ್‌ಸ್ಟಾ ಎರಡೂ ತಗದು, ವಾಟ್ಸಾಪಿನ ಹಕ್ಕಿ ಗ್ರೂಪ್‌ಗಳಿಂದೆಲ್ಲಾ ಹೊರಗ ಬಂದು, ಈಗ ನೋಡಿದ್ದನ್ನೆಲ್ಲಾ ಇ-ಬರ್ಡ್‌ನಾಗ ಅಷ್ಟ ಬರಕೊಳ್ತೀನಿ. ಒಂದು ಮಳಿಗಾಲ, ಒಂದು ಚಳಿಗಾಲ ಪೂರ್ತಿ ಬಳಸಿ ನೋಡಿದ ಮ್ಯಾಲ ಬರೀತಿರೋದು.

ಗೊತ್ತಿಲ್ಲದವ್ರಿಗೆ ಸಣ್ಣಾಗಿ: ಅಮೆರಿಕದ ಕಾರ್ನೆಲ್ ಯೂನಿವರ್ಸಿಟಿಯ ಪಕ್ಷಿ ಲ್ಯಾಬ್ ನಡೆಸೋ ಆ್ಯಪ್ ಇದು, 2002ರಾಗ ಶುರುವಾಗಿದ್ದು, ಪೂರ್ತಿ ಫ್ರೀ, ಜಾಹೀರಾತು ಇಲ್ಲ. ತುಂಗಭದ್ರಾ ಎಡದಂಡೆ ಕಾಲುವಿ ಮ್ಯಾಲ ನಡಿಯಾಕ ಹೊಂಟ್ರಿ ಅಂದ್ರ ಸ್ಟಾರ್ಟ್ ಒತ್ತೋದು, ಎಷ್ಟು ದೂರ ನಡದ್ರಿ, ಎಷ್ಟೊತ್ತು ನಡದ್ರಿ ಅಂತ ಅದ ಲೆಕ್ಕ ಇಟ್ಕೋತೈತಿ, ನೀವು ಕಂಡ ಹಕ್ಕಿ ಹೆಸರು, ಎಷ್ಟು ಅದಾವು ಅನ್ನೋದು ಹಾಕ್ಕೋತ ಹೋಗೋದು. ಮುಗಿಸೋ ಮುಂದ ಒಂದ ಪ್ರಶ್ನೆ ಕೇಳ್ತೈತಿ, ನಿಮಗ ಗುರುತು ಸಿಕ್ಕ ಎಲ್ಲಾ ಹಕ್ಕಿನೂ ಬರದೀರೇನು ಅಂತ. ಹೌದು ಅಂದ್ರ ಅದು ಕಂಪ್ಲೀಟ್ ಲಿಸ್ಟ್. ಕಾಗಿ, ಗೊರವಂಕ, ಬೆಳ್ಳಕ್ಕಿ ಎಲ್ಲಾ ಬರೀಬೇಕು. ಅಲ್ಲೇ ನೋಡ್ರಿ ನನಗ ಇದು ಹಿಡಿಸಿದ್ದು. ಗ್ರೂಪ್‌ನಾಗ ಕಾಗಿ ಫೋಟೋ ಹಾಕಿದ್ರ "ಏನಪಾ, ಕಾಗಿ ನೋಡಾಕ ಬೈನಾಕ್ಯುಲರ್ ಬೇಕೇನು" ಅಂತ ನಗೋ ಇಮೋಜಿ ಸಾಲು ಬರ್ತಿದ್ವು. ಇಲ್ಲಿ ಕಾಗಿ ಬಿಟ್ರ ಲಿಸ್ಟೇ ಅರ್ಧ. ಯಾಕಂದ್ರ ಒಂದು ಹಕ್ಕಿ ಕಡಿಮಿ ಆಗಾಕತ್ತೈತಿ ಅಂತ ಗೊತ್ತಾಗಬೇಕಂದ್ರ ಅದು ಎಲ್ಲಿ ಕಾಣಲಿಲ್ಲ ಅನ್ನೋದೂ ಲೆಕ್ಕಕ್ಕ ಸಿಗಬೇಕಲ್ಲ. 2023ರಾಗ ನಮ್ಮ ದೇಶದ ಹಕ್ಕಿಗಳ ಸ್ಥಿತಿ ಬಗ್ಗೆ ಬಂದ ವರದಿ ನಿಂತಿದ್ದು ಇದರ ಮ್ಯಾಲ, 30,000ಕ್ಕಿಂತ ಹೆಚ್ಚು ಜನ ಹಾಕಿದ ಸುಮಾರು 3 ಕೋಟಿ ದಾಖಲೆ, 942 ಜಾತಿ. ಅದರಾಗ ಹೆಚ್ಚಿನವ್ರು ನಮ್ಮಂಗ ಚಾ ಕುಡುದು ಕೆರಿ ದಂಡಿಗೆ ಹೋಗೋ ಮಂದಿನೇ ಇರಬೇಕು.

ಈಗ ಹ್ಯಾರಿಯರ್ ಕಥಿ ಹೇಳ್ತೀನಿ, ಈ ಆ್ಯಪ್ ಯಾಕ ಬೇಕಾತು ಅನ್ನೋದು ಅದರಾಗೇ ಐತಿ. ಚಳಿಗಾಲದಾಗ ಸಿರುಗುಪ್ಪ ಕಡೆ ಎರಿ ಹೊಲದ ಮ್ಯಾಲ ಹ್ಯಾರಿಯರ್ ಅನ್ನೋ ಬೇಟೆ ಹಕ್ಕಿ ಬರ್ತಾವು, ನೆಲಕ್ಕ ತಾಗಿತೇನೋ ಅನ್ನೋಷ್ಟು ಕೆಳಗ ತೇಲಾಡ್ತಾವು. ಗಂಡು ಆದ್ರ ಗುರುತು ಸಲೀಸು. ಹೆಣ್ಣು, ಮರಿ ಬಂದ್ರ ಹ್ಯಾರಿಯರ್‌ನಾಗಿನ ಎರಡು ಜಾತಿ, ಪ್ಯಾಲಿಡ್ ಯಾವುದು, ಮಾಂಟೆಗ್ಯೂ ಯಾವುದು ಅನ್ನೋದು ದೊಡ್ಡ ತಲಿಬ್ಯಾನಿ. ಎರಡೂ ಕಂದು, ಎರಡಕ್ಕೂ ಬಾಲದ ಬುಡದಾಗ ಬಿಳಿ ಪಟ್ಟಿ. ಪ್ಯಾಲಿಡ್‌ಗೆ ಕೊರಳಿನ ಸುತ್ತ ತೆಳು ಬಣ್ಣದ ಕಾಲರ್ ಎದ್ದು ಕಾಣ್ತೈತಿ ಅಂತಾರ, ಖರೇನ, ಆದ್ರ ಬಿಸಿಲಿನ ಝಳದಾಗ ದೂರದಾಗ ಹಾರೋ ಹಕ್ಕಿಗೆ ಕಾಲರ್ ಎಲ್ಲಿ ಕಾಣಬೇಕು? ಒಬ್ಬ ಹುಡುಗ, ಇನ್ನಾ ಡಿಗ್ರಿ ಓದ್ತಾನ, ಗ್ರೂಪ್‌ನಾಗ ಮಸಕ್ ಫೋಟೋ ಹಾಕಿ "ಸರ್ ಇದು ಪ್ಯಾಲಿಡ್ ಇರಬಹುದಾ" ಅಂತ ಕೇಳಿದ್ದ, ಅಷ್ಟ. ಒಬ್ಬರು ಹೌದು ಅಂದ್ರು, ಇನ್ನೊಬ್ಬರು ಇಪ್ಪತ್ತು ವರ್ಷದಿಂದ ನೋಡಾಕತ್ತೀನಿ ಅಂದ್ರು, ಅವ್ರಿಗೆ ಇವ್ರು ನಿಮ್ಮ ಇಪ್ಪತ್ತು ವರ್ಷ ನಮಗ ಗೊತ್ತೈತಿ ಬಿಡ್ರಿ ಅಂದ್ರು, ಆಮ್ಯಾಲ ಕ್ಯಾಮೆರಾ ರೇಟ್ ಬಂತು, ಯಾರು ಯಾರ ಜೀಪ್‌ನಾಗ ಪುಕ್ಕಟ ಬಂದಿದ್ರು ಅನ್ನೋದು ಬಂತು, ಕಡೀಕ ಜಾತಿ ಮಾತಿನ ತನಕಾ ಹೋತು. ಹಕ್ಕಿ ಜಾತಿ ಅಲ್ರಿ. ಹುಡುಗ ಫೋಟೋ ಡಿಲೀಟ್ ಮಾಡಿ ಗ್ರೂಪ್ ಬಿಟ್ಟ. ಒಬ್ಬನೂ ಅವಂಗ ಫೋನ್ ಮಾಡ್ಲಿಲ್ಲ.

ಇ-ಬರ್ಡ್‌ನಾಗ ಇದಕ್ಕ ಏನೈತಿ ಗೊತ್ತೇನು? "ಪ್ಯಾಲಿಡ್/ಮಾಂಟೆಗ್ಯೂ ಹ್ಯಾರಿಯರ್" ಅಂತ ಎರಡೂ ಸೇರಿಸಿದ ಹೆಸರೇ ಐತಿ, ನಡುವ ಒಂದು ಗೀಟು. ಅದೂ ಗ್ಯಾರಂಟಿ ಇಲ್ಲಾಂದ್ರ ಬರೇ ಹ್ಯಾರಿಯರ್ ಜಾತಿ ಅಂತ ಹಾಕಬಹುದು, ಕೆರ್‍ಯಾಗ ದೂರ ತೇಲೋ ಬಾತಿಗೆ ಬರೇ ಬಾತು ಅಂತ ಹಾಕಬಹುದು. ಎಷ್ಟು ಗೊತ್ತೈತೋ ಅಷ್ಟ ಬರೀರಿ ಅನ್ನೋದನ್ನ ಒಂದು ಆ್ಯಪ್ ಇಷ್ಟು ಮರ್ಯಾದಿಯಿಂದ ಹೇಳಿದ್ದು ನನಗ ಭಾಳ ಸೇರಿತು.

ಲೊಕೇಶನ್ ವಿಷಯ ಇನ್ನೊಂದು. ಆನೆಗುಂದಿ, ಸಾಣಾಪುರ ಕಡೆ ಬಂಡಿಗಲ್ಲಿನ ಗುಡ್ಡದಾಗ ಕೊಂಬಿನ ಗೂಬಿ ಗೂಡು ಮಾಡ್ತೈತಿ, ಗೂಡು ಅಂದ್ರ ಕಡ್ಡಿ ಗಿಡ್ಡಿ ಏನಿಲ್ಲ, ಕಲ್ಲಿನ ಅಂಚಿನ ಮ್ಯಾಲ ಬರೇ ಮಣ್ಣಾಗ ಮೊಟ್ಟಿ ಇಡ್ತೈತಿ. ಒಂದು ಸಲ ಯಾರೋ ಒಂದು ಗೂಡಿನ ಪಿನ್ ಗ್ರೂಪ್‌ಗೆ ಹಾಕಿದ್ರು. ಆ ಭಾನುವಾರ ಅಲ್ಲಿ ಹೋದ್ರ, ಗವಿಮಠದ ಜಾತ್ರ್ಯಾಗ ಮಿಠಾಯಿ ಅಂಗಡಿ ಮುಂದ ನಿಂತಂಗ ಸಾಲಾಗಿ ಟ್ರೈಪಾಡ್. ಗೂಡಿನ ಮುಂದಿದ್ದ ಗಿಡದ ಕೊಂಬಿ ಕಡದು ಕೆಳಗ ಒಗದಿದ್ರು, ಕಡದ ಜಾಗ ಇನ್ನಾ ಹಸೀ ಇತ್ತು. ಫ್ರೇಮ್ ಕ್ಲೀನ್ ಬರಲಿ ಅಂತ. ಆ ಕೊಂಬಿ ಮರಿಗೆ ನೆರಳು, ಕಾಗಿ ಕಣ್ಣಿಗೆ ಮರೆ. ಒಬ್ಬಾವ ಮೊಬೈಲ್‌ನಾಗ ಗೂಬಿ ಕೂಗು ಹಾಕಾಕತ್ತಿದ್ದ, ತಾಯಿ ಈ ಕಡೆ ಮಾರಿ ಮಾಡಲಿ ಅಂತ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಕಾಡುಹಕ್ಕಿ ಗೂಡು, ಮೊಟ್ಟಿಗೆ ತೊಂದ್ರಿ ಕೊಡೋದೂ ಬೇಟೆ ಲೆಕ್ಕಕ್ಕ ಬರ್ತೈತ್ರೀ, ಅದನ್ನ ಹೇಳಿದ್ರ "ನೀನೇನು ಫಾರೆಸ್ಟ್ ಆಫೀಸರ್ ಏನು" ಅಂದ್ರು. ಆ ಫೋಟೋಕ್ಕ ಬಂದ ಲೈಕು ನೋಡೀನಿ. ಕಮೆಂಟ್‌ನಾಗ ಎಲ್ಲಾರೂ ಕೇಳಿದ್ದು ಒಂದ, ಲೊಕೇಶನ್ ಪ್ಲೀಸ್. ಕೊಡದಿದ್ರ ಸೊಕ್ಕು ಬಂದೈತಿ ಅಂತಾರ, ಕೊಟ್ರ ಹಿಂಗ ಆಗ್ತೈತಿ.

ಇ-ಬರ್ಡ್‌ನಾಗೂ ಜಾಗ ಎಲ್ಲಾರಿಗೂ ಕಾಣ್ತೈತಿ, ಅದನ್ನ ಮುಚ್ಚಿಡಂಗಿಲ್ಲ ನಾನು. ಸೂಕ್ಷ್ಮ ಅಂತ ಅವ್ರು ಗುರುತು ಮಾಡಿದ ಜಾತಿಗಳ ಜಾಗ ಹೊರಗಿನವ್ರಿಗೆ ತೋರಸಲ್ಲ, ಉಳಿದಿದ್ದು ನಿಮ್ಮ ಜವಾಬ್ದಾರಿ. ನಾನು ಗೂಡು ಕಂಡ ದಿನದ ಲಿಸ್ಟ್ ಮರಿ ಹಾರಿ ಹೋಗೋ ತನಕಾ ಹಾಕಲ್ಲ. ವೆಬ್‌ಸೈಟ್‌ನಾಗ ಸೆಟ್ಟಿಂಗ್ಸ್‌ಗೆ ಹೋದ್ರ ನಿಮ್ಮ ಹೆಸರು ಮರೆ ಮಾಡೋ ಆಪ್ಷನ್ ಐತಿ, ನಾನು ಮಾಡೀನಿ, ಯಾರೋ ಅನಾಮಿಕ ಅಂತ ಕಾಣ್ತೈತಿ, ಹಾಯಾಗೈತಿ.

ಹುಳುಕು ಇಲ್ಲೇನು ಅಂದ್ರ ಐತಿ. ಟಾಪ್ 100 ಅಂತ ಒಂದು ಪಟ್ಟಿ ಇಟ್ಟಾರ, ಜಿಲ್ಲಾವಾರು ಯಾರು ಎಷ್ಟು ಜಾತಿ ನೋಡ್ಯಾರ ಅಂತ. ಇದನ್ನ ಯಾಕ ಇಟ್ರೋ ಏನೋ. ಜನ ಹೆಚ್ಚು ಲಿಸ್ಟ್ ಹಾಕಲಿ ಅಂತ ಇರಬಹುದು, ಆದ್ರ ಯಾವ ರೋಗಕ್ಕ ಹೆದರಿ ಓಡಿ ಬಂದ್ವೋ ಅದರ ಬೀಜ ಅಲ್ಲೂ ಐತಿ. ಕೊಪ್ಪಳ ಜಿಲ್ಲಾದಾಗ ನಂದು ಎಷ್ಟನೇ ನಂಬರ್ ಅಂತ ನೋಡೋ ಚಟ ಹತ್ತಿತು ಅಂದ್ರ ಮತ್ತ ಅದ ಕಥಿ, ಒಂದು ಹೆಚ್ಚಿನ ಹಕ್ಕಿಗೆ ಅಂತ ಬೆಳಕು ಹರಿಯೋ ಮೊದಲ ಬೈಕ್ ಹತ್ತಿ ಬಳ್ಳಾರಿಗೆ ಓಡೋದು. ಫೋಟೋಕ್ಕ ಸ್ಟಾರ್ ಕೊಡೋ ವ್ಯವಸ್ಥಾನೂ ಐತಿ. ಎರಡೂ ತೆರೀಬ್ಯಾಡ್ರಿ, ತೆರೀದಿದ್ರ ಅವು ತಾವಾಗಿ ಬಂದು ಕಾಡಲ್ಲ, ನೋಟಿಫಿಕೇಶನ್ ಅನ್ನೋ ಪೀಡಾ ಇಲ್ಲಿ ಇಲ್ಲಾಂದ್ರ ನಡೀತೈತಿ.

ರಿವ್ಯೂವರ್ ಅಂತ ಇರ್ತಾರ, ಸ್ವಯಂಸೇವಕರು. ನೀವು ಆ ಕಡೆ ಅಪರೂಪದ ಹಕ್ಕಿ ಬರದ್ರ, ಇಲ್ಲಾ ಸಂಖ್ಯಾ ಜಾಸ್ತಿ ಹಾಕಿದ್ರ ಆ್ಯಪ್ ಅಲ್ಲೇ ವಿವರ ಕೇಳ್ತೈತಿ, ಆಮ್ಯಾಲ ಅವ್ರ ಮೇಲ್ ಬರಬಹುದು. ನನಗೂ ಬಂದಿತ್ತು, ತುಂಗಭದ್ರಾ ಹಿನ್ನೀರಿನಾಗ ಪಟ್ಟೆತಲೆ ಹೆಬ್ಬಾತಿನ ಸಂಖ್ಯಾ ಹ್ಯಾಂಗ ಎಣಿಸಿದ್ರಿ ಅಂತ. ನಾಕು ಸಾಲು, ಒಳ್ಳೇ ಭಾಷಾ, ನಿಮಗೇನು ಗೊತ್ತು ಅನ್ನೋ ಧಾಟಿ ಇಲ್ಲ. ಹತ್ತು ಹತ್ತರ ಗುಂಪು ಮಾಡಿ ಎಣಿಸಿದ್ದು ಅಂತ ಬರದೆ, ಥ್ಯಾಂಕ್ಸ್ ಅಂದ್ರು, ಮುಗೀತು. ಮನುಷ್ಯರು ಹಕ್ಕಿ ಬಗ್ಗೆ ಹಿಂಗೂ ಮಾತಾಡಬಹುದು ಅಂತ ಮರತೇ ಹೋಗಿತ್ತು.

ಕಳಕೊಂಡಿದ್ದೂ ಐತಿ, ಸುಳ್ಳು ಯಾಕ ಹೇಳ್ಲಿ. ಗ್ರೂಪ್‌ನಾಗ ಒಬ್ಬರು ಕಾಕಾ ಇದ್ರು, ಕತ್ತಲಾದ ಮ್ಯಾಲ ಕೂಗು ಕೇಳಿನೇ ಇದು ಯಾವ ನತ್ತಿಂಗ (ರಾತ್ರಿ ಹಾರೋ ನೈಟ್‌ಜಾರ್ ಹಕ್ಕಿ) ಅಂತ ಹೇಳ್ತಿದ್ರು. ಮರ್ಲಿನ್ ಅಂತ ಅದ ಲ್ಯಾಬಿನ ಇನ್ನೊಂದು ಆ್ಯಪ್ ಐತಿ, ಕೂಗು ಕೇಳಿಸಿದ್ರ ಹೆಸರು ಹೇಳ್ತೈತಿ, ಅದೂ ಫ್ರೀ. ಆದ್ರ ಟ್ರ್ಯಾಕ್ಟರ್ ಸದ್ದು, ಕಾಲುವಿ ನೀರಿನ ಸದ್ದು ನಡುವ ಅದು ಹೇಳಿದ್ದನ್ನ ಕಣ್ಣಿಲೆ ನೋಡಿ ಖಾತ್ರಿ ಮಾಡ್ಕೊಳ್ದ ಲಿಸ್ಟ್‌ಗೆ ಹಾಕಬ್ಯಾಡ್ರಿ. ಕಾಕಾ ಹಂಗ ತಪ್ಪು ಹೇಳ್ತಿರ್ಲಿಲ್ಲ. ಅವ್ರಿಗೆ ಈಗ ಸೀದಾ ಫೋನ್ ಮಾಡ್ತೀನಿ, ಹಕ್ಕಿ ಮಾತು ಐದು ನಿಮಿಷ, ಭತ್ತದ ರೇಟಿನ ಮಾತು ಅರ್ಧ ತಾಸು. ಆ ಹ್ಯಾರಿಯರ್ ಹುಡುಗನ್ನೂ ಹುಡುಕಿ ಇ-ಬರ್ಡ್ ಹಾಕಿಸಿ ಕೊಟ್ಟೀನಿ, ಈಗ ಒಂದ ಲಿಸ್ಟ್ ಇಬ್ಬರೂ ಶೇರ್ ಮಾಡ್ಕೋತೀವಿ, ಅದಕ್ಕೂ ಸೌಕರ್ಯ ಐತಿ.

ಹಾಕ್ಕೊಳ್ಳೋರಿಗೆ: ಮನ್ಯಾಗ ನೆಟ್ ಚಲೋ ಇದ್ದಾಗ ನಮ್ಮ ಏರಿಯಾದ ಪ್ಯಾಕ್ (ಆ ಕಡೆಯ ಹಕ್ಕಿಗಳ ಪಟ್ಟಿ) ಇಳಿಸಿಕೊಂಡು ಹೋಗ್ರಿ, ಗುಡ್ಡದಾಗ ಸಿಗ್ನಲ್ ಇಲ್ಲದಿದ್ರೂ ನಡೀತೈತಿ, ವಾಪಸ್ ಬಂದು ಸಬ್‌ಮಿಟ್ ಮಾಡಿದ್ರಾತು. ಕಮ್ಮಿ ಅಂದ್ರ ಹದಿನೈದು ನಿಮಿಷದ ಲಿಸ್ಟ್ ಮಾಡ್ರಿ. ಜಿಪಿಎಸ್ ಆನ್ ಇರೋದ್ರಿಂದ ಬ್ಯಾಟರಿ ತಿಂತೈತಿ, ಹಳೇ ಫೋನ್ ಇದ್ರ ಪವರ್ ಬ್ಯಾಂಕ್ ಇಟ್ಕೋರಿ. ನಾನು ಕೊಡೋದು ಐದಕ್ಕ ನಾಕು ಸ್ಟಾರ್, ಒಂದು ಕಡಿತ ಆ ಟಾಪ್ 100ರ ಸಲುವಾಗಿ.