ಗಾಲಿಕುರ್ಚಿಗೆ ದಾನಿಗಳುಂಟು, ಗಾಲಿಗೆ ಇಲ್ಲ: ಉಪಕರಣ ಎರವಲು ಸೇವೆಯ ವಿಮರ್ಶೆ

ಮನೆಯಲ್ಲಿ ಹಾಸಿಗೆ ಹಿಡಿದವರಿಗೆ ಮಂಚ, ಏರ್‌ಬೆಡ್, ವೀಲ್‌ಚೇರ್, ವಾಕರ್, ಆಕ್ಸಿಜನ್ ಕಾನ್ಸಂಟ್ರೇಟರ್ (ಗಾಳಿಯಿಂದ ಆಮ್ಲಜನಕ ಬೇರ್ಪಡಿಸಿ ಕೊಡುವ ಯಂತ್ರ) ಎರವಲು ಕೊಡುವ ಟ್ರಸ್ಟ್‌ಗಳು, ಯುವಕ ಮಂಡಲಗಳು ಮಂಗಳೂರು–ಉಡುಪಿ ಕಡೆ ಹಲವಿವೆ. ವೆನ್ಲಾಕ್ ಆಸ್ಪತ್ರೆಯಿಂದಲೋ ಮಣಿಪಾಲದಿಂದಲೋ ಡಿಸ್ಚಾರ್ಜ್ ಚೀಟಿ ಕೈಗೆ ಬಂದ ಕೂಡಲೇ ಮನೆಯವರು ಫೋನ್ ಮಾಡುವುದು ಇವರಿಗೆ. ಠೇವಣಿ ಇಟ್ಟು ಒಯ್ಯಬೇಕು, ಅಗತ್ಯ ಮುಗಿದ ಮೇಲೆ ತಂದುಕೊಟ್ಟು ಠೇವಣಿ ವಾಪಸ್ ಪಡೆಯಬೇಕು. ಕ್ರಮ ಇಷ್ಟೇ. ಒಯ್ಯುವವರ ಲೆಕ್ಕದಲ್ಲಿ ಈ ಸೇವೆಗೆ ಐದಕ್ಕೆ ಐದು ಕೊಡಬಹುದು. ದುಡ್ಡು ಕೊಡುವವರ ಕಡೆಯಿಂದ ನೋಡಿದರೆ ಮೂರೂವರೆ.

ಮೊದಲು ಒಳ್ಳೆಯದನ್ನೇ ಹೇಳೋಣ. ದಾನಿಗಳನ್ನು ಸೆಳೆಯುವುದರಲ್ಲಿ ಇಂಥ ಸೇವೆಗೆ ಸಮನಾದದ್ದು ಕಡಿಮೆ. ರೆನೆ ಬೆಕ್ಕರ್ಸ್ ಮತ್ತು ಪಮೇಲಾ ವೀಪ್ಕಿಂಗ್ ಎಂಬ ಸಂಶೋಧಕರು 500ಕ್ಕೂ ಹೆಚ್ಚು ಬರಹಗಳನ್ನು ಜಾಲಾಡಿ, ಜನ ಯಾಕೆ ದಾನ ಮಾಡುತ್ತಾರೆ ಎಂಬುದಕ್ಕೆ ಎಂಟು ಕಾರಣಗಳನ್ನು 2011ರಲ್ಲಿ ಪಟ್ಟಿ ಮಾಡಿದ್ದರು. ಕಷ್ಟ ಕಣ್ಣಿಗೆ ಬೀಳುವುದು, ಯಾರಾದರೂ ಬಂದು ಕೇಳುವುದು, ನಾಲ್ಕು ಜನರಲ್ಲಿ ಹೆಸರು, ಕೊಟ್ಟದ್ದು ಕೆಲಸಕ್ಕೆ ಬಂತೆಂಬ ಭರವಸೆ, ಇವೆಲ್ಲ ಅದರಲ್ಲಿವೆ. ಒಂದು ವೀಲ್‌ಚೇರ್ ಈ ನಾಲ್ಕನ್ನೂ ಒಟ್ಟಿಗೆ ಪೂರೈಸುತ್ತದೆ. ಕೇಳುವವರು ಪರಿಚಯದವರು, ಒಯ್ಯುವವರು ಪಕ್ಕದ ಊರಿನವರು, ಬೆನ್ನಿನ ರೆಕ್ಸಿನ್ ಮೇಲೆ ‘ದಿವಂಗತ ಇಂಥವರ ಸ್ಮರಣಾರ್ಥ’ ಎಂದು ಬರೆಸಲು ಬೇಕಾದಷ್ಟು ಜಾಗ. ನಮ್ಮ ಬಸ್ ತಂಗುದಾಣಗಳ ಹಣೆಬರಹವೂ ಇದೇ ತಾನೇ. ಇದನ್ನು ಪ್ರಚಾರದ ಹುಚ್ಚು ಎಂದು ಮೂಗು ಮುರಿಯುವವರುಂಟು, ಆದರೆ ದೇವಸ್ಥಾನದ ಬ್ರಹ್ಮಕಲಶದ ಹೊರೆಕಾಣಿಕೆಯಲ್ಲಿ ಅಕ್ಕಿ, ತೆಂಗಿನಕಾಯಿ, ಬಾಳೆಗೊನೆ ಹೊತ್ತ ವಾಹನಗಳ ಸಾಲು ನೋಡಿದವರಿಗೆ ಗೊತ್ತಿದೆ: ಕೊಟ್ಟದ್ದು ಎದುರಿಗೆ ಕಾಣಬೇಕು ಎಂಬುದು ಈ ಊರಿನ ರೂಢಿ. ಕಿತ್ತಳೆ ಮಾರುತ್ತಿದ್ದ ಹರೇಕಳ ಹಾಜಬ್ಬರಿಗೆ 2020ರಲ್ಲಿ ಪದ್ಮಶ್ರೀ ಘೋಷಣೆಯಾಗುವ ಎಷ್ಟೋ ಮೊದಲೇ ಅವರ ಊರು ನ್ಯೂಪಡ್ಪುವಿನಲ್ಲಿ ಅವರು ಹಣ ಕೂಡಿಸಿ ಕಟ್ಟಿಸಿದ ಶಾಲೆ ಎದ್ದು ನಿಂತಿತ್ತು. ಹೋಗಿ ನೋಡಬಹುದಾದ ಕಟ್ಟಡ ಇದ್ದಲ್ಲಿ ಕೈ ತಾನಾಗಿ ಜೇಬಿಗೆ ಹೋಗುತ್ತದೆ.

ಎಡವಟ್ಟು ಇರುವುದೂ ಅಲ್ಲೇ. ಹೊಸ ವೀಲ್‌ಚೇರ್‌ಗೆ ದಾನಿಗಳು ಸಾಲಾಗಿ ಬರುತ್ತಾರೆ, ಹಳೆಯದರ ಚಕ್ರ ಬದಲಿಸಲು ಯಾರೂ ಇಲ್ಲ. ದಾಸ್ತಾನು ಕೋಣೆಗೆ ಹೋಗಿ ನೋಡಿದರೆ ಇದು ಅರ್ಥವಾಗುತ್ತದೆ. ಮೊದಲು ಕೆಡುವುದು ಮುಂದಿನ ಸಣ್ಣ ಗಾಲಿ. ಮುರಕಲ್ಲಿನ ಅಂಗಳದ ಹುಡಿ, ಮರಳು, ತಲೆಕೂದಲು ಸೇರಿ ಬೇರಿಂಗ್ ಬಿಗಿದುಕೊಳ್ಳುತ್ತದೆ, ಕುರ್ಚಿ ಒಂದೇ ಕಡೆಗೆ ಎಳೆಯುತ್ತದೆ. ಆಮೇಲೆ ಕಾಲಿಡುವ ಹಲಗೆಯ ಪಿನ್ ಕಳೆದುಹೋಗುತ್ತದೆ, ಬ್ರೇಕ್ ಸಡಿಲಾಗುತ್ತದೆ. ಕಡಲಿನ ಉಪ್ಪುಗಾಳಿಗೆ ಕ್ರೋಮ್ ಪೈಪಿನ ಬೆಸುಗೆಗಳಲ್ಲಿ ತುಕ್ಕು ಶುರುವಾಗುತ್ತದೆ. ಗಾಲಿ, ಪಿನ್, ಬ್ರೇಕ್ ಎಲ್ಲ ಕೆಲವು ನೂರು ರೂಪಾಯಿಯ ಕೆಲಸ, ಅರ್ಧ ದಿನದ ಮಜೂರಿ.

ಏರ್‌ಬೆಡ್‌ನದ್ದು ಇನ್ನೊಂದು ಕಥೆ. ‘ಗಾಳಿ ನಿಲ್ಲುವುದಿಲ್ಲ’ ಎಂದು ವಾಪಸ್ ಬಂದದ್ದನ್ನು ನೇರ ಗುಜರಿಗೆ ಎಸೆಯುತ್ತಾರೆ. ಹಾಳಾದದ್ದು ಎಷ್ಟೋ ಸಲ ಹಾಸಿಗೆಯೇ ಅಲ್ಲ, ಪಂಪಿನೊಳಗಿನ ರಬ್ಬರ್ ಡಯಾಫ್ರಮ್. ಪಂಪಿನ ಬಾಯಿಗೆ ಬೆರಳಿಟ್ಟರೆ ಒತ್ತಡ ಕಡಿಮೆ ಎಂದು ತಿಳಿಯುತ್ತದೆ. ಒತ್ತಡ ಸರಿಯಿದ್ದರೆ ಸಾಬೂನು ನೀರು ಹಚ್ಚಿ ತೂತು ಹುಡುಕಬೇಕು.

ಕಾನ್ಸಂಟ್ರೇಟರ್ ವಿಷಯದಲ್ಲಿ ಮಾತ್ರ ಉದಾಸೀನ ಸಲ್ಲದು. 2021ರ ಕೋವಿಡ್ ಅಲೆಯಲ್ಲಿ ದೇಣಿಗೆಯಾಗಿ ಬಂದವು ಈಗಲೂ ಮೂಲೆಯಲ್ಲಿದ್ದರೆ, ಆನ್ ಮಾಡಿ ಗಾಳಿ ಬರುತ್ತದೆ ಎಂದ ಮಾತ್ರಕ್ಕೆ ಒಪ್ಪಬೇಡಿ. ಒಳಗೆ ಸಾರಜನಕವನ್ನು ಹಿಡಿದಿಡುವ ಜಿಯೋಲೈಟ್ ಹರಳುಗಳು ಮಳೆಗಾಲದ ತೇವ ಹೀರಿದರೆ ಗಾಳಿಯ ಹರಿವು ಮೊದಲಿನಂತೆಯೇ ಇದ್ದು ಆಮ್ಲಜನಕದ ಪ್ರಮಾಣ ಕುಸಿದಿರುತ್ತದೆ. ಸರಿಯಿರುವ ಯಂತ್ರ ಸುಮಾರು 90ರಿಂದ 96 ಶೇಕಡಾ ಕೊಡಬೇಕು. ಅದನ್ನು ಅಳೆಯಲು ಆಕ್ಸಿಜನ್ ಅನಲೈಸರ್ ಬೇಕು. ಐದು ಕಾನ್ಸಂಟ್ರೇಟರ್ ಇದ್ದು ಒಂದು ಅನಲೈಸರ್ ಇಲ್ಲದ ಟ್ರಸ್ಟ್‌ಗೆ ಆರನೆಯ ಕಾನ್ಸಂಟ್ರೇಟರ್ ಕೊಡುವುದು ದಂಡ.

ರಿಪೇರಿ, ಬಾಡಿಗೆ, ಟೆಂಪೊ ಖರ್ಚಿಗೆ ಕೇಳಿದರೆ ದಾನಿಗಳ ಮುಖ ಸಣ್ಣಗಾಗುತ್ತದೆ. ಇದು ನಮ್ಮೂರಿನ ಕಾಯಿಲೆ ಮಾತ್ರವಲ್ಲ. ಉರಿ ಗ್ನೀಝಿ ಮತ್ತು ಸಂಗಡಿಗರು 2014ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 40,000 ಜನರಿಗೆ ಪತ್ರ ಹೋಗಿತ್ತು. ‘ಆಡಳಿತ ಖರ್ಚನ್ನು ಈಗಾಗಲೇ ಇನ್ನೊಬ್ಬ ದಾನಿ ಕೊಟ್ಟಾಗಿದೆ, ನಿಮ್ಮ ಹಣ ಪೂರ್ತಿ ಕೆಲಸಕ್ಕೇ ಹೋಗುತ್ತದೆ’ ಎಂದು ತಿಳಿಸಿದ ಗುಂಪಿನಿಂದ ಬಂದ ಮೊತ್ತ, ಸಾದಾ ಮನವಿ ಹೋದ ಗುಂಪಿಗಿಂತ ಎರಡೂವರೆ ಪಟ್ಟಿಗೂ ಹೆಚ್ಚು. ಇಲ್ಲಿಗೆ ಹೊಂದುವ ಉಪಾಯವೂ ಅದೇ. ಊರಿನ ಒಬ್ಬ ಉದ್ಯಮಿಯನ್ನೋ ಸಹಕಾರಿ ಸಂಘವನ್ನೋ ಒಪ್ಪಿಸಿ ವರ್ಷದ ರಿಪೇರಿ ಖರ್ಚು ಅವರಿಂದ ಪಡೆಯಬೇಕು, ಅವರ ಬೋರ್ಡನ್ನು ದಾಸ್ತಾನು ಕೋಣೆಯ ಬಾಗಿಲಲ್ಲೇ ಹಾಕಬೇಕು. ಉಳಿದವರ ಬಳಿ ಆಮೇಲೆ ಧೈರ್ಯವಾಗಿ ಕೇಳಬಹುದು. ಹೀಗೆ ಮಾಡುವವರು ವಿರಳ, ಒಂದು ಅಂಕ ಹೋದದ್ದು ಇದಕ್ಕೆ.

ಇನ್ನರ್ಧ ಹೋದದ್ದು ರಶೀದಿಗೆ. ದಾನಿ ತಾನೇ ಅಂಗಡಿಯಿಂದ ವೀಲ್‌ಚೇರ್ ಕೊಂಡು ತಂದು ಕೊಟ್ಟರೆ, ದಾನಕ್ಕೆ ಸಿಗುವ 80ಜಿ ಎಂದೇ ಪರಿಚಿತವಾದ ಆದಾಯ ತೆರಿಗೆ ರಿಯಾಯಿತಿ ಸಿಗುವುದಿಲ್ಲ, ಏಕೆಂದರೆ ವಸ್ತುರೂಪದ ದಾನಕ್ಕೆ ಅದಿಲ್ಲ. ಹಣವನ್ನು ಟ್ರಸ್ಟ್ ಖಾತೆಗೆ ಹಾಕಿ ಅವರೇ ಕೊಂಡರೆ, ಟ್ರಸ್ಟ್‌ಗೆ 80ಜಿ ಮಾನ್ಯತೆ ಇದ್ದಲ್ಲಿ ಸಿಗುತ್ತದೆ. 2,000 ರೂಪಾಯಿ ಮೀರಿದ ನಗದಿಗೂ ಇಲ್ಲ, ಹೊಸ ತೆರಿಗೆ ಪದ್ಧತಿ ಆಯ್ದವರಿಗಂತೂ ಇಲ್ಲವೇ ಇಲ್ಲ. ಪ್ಯಾನ್ ಸಂಖ್ಯೆ ಬರೆದುಕೊಳ್ಳದ ರಶೀದಿ ಬುಕ್ಕು ಆಮೇಲೆ ತಲೆನೋವು. ಇದನ್ನೆಲ್ಲ ದುಡ್ಡು ಕೈ ಬದಲಾಗುವ ಮೊದಲೇ ಹೇಳುವ ಕಾರ್ಯದರ್ಶಿ ಸಿಕ್ಕರೆ ಆ ಟ್ರಸ್ಟನ್ನು ನಂಬಬಹುದು.

ಗಲ್ಫ್‌ನಿಂದ ಕಳುಹಿಸುವವರಿಗೆ ಒಂದು ಮಾತು. ಭಾರತದ ಪಾಸ್‌ಪೋರ್ಟ್ ಇದ್ದು, ಸ್ವಂತ ಉಳಿತಾಯವನ್ನು ಬ್ಯಾಂಕ್ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆ ಆಗುವುದಿಲ್ಲ. ವಿದೇಶಿ ಪಾಸ್‌ಪೋರ್ಟ್ ಇದ್ದರೆ, ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ ಸರಿ, ಅದು ವಿದೇಶಿ ದೇಣಿಗೆಯೇ. ಅದನ್ನು ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ಕಾಯ್ದೆಯ ಅನುಮತಿ ಇರುವ ಸಂಸ್ಥೆ ಮಾತ್ರ, ಅದೂ ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಯಲ್ಲಿ ಪಡೆಯಬೇಕು. ವಾಟ್ಸಾಪ್‌ನಲ್ಲಿ ಕ್ಯೂಆರ್ ಹಂಚುವ ಮೊದಲು ಇದನ್ನು ನೋಡುವವರು ಕಡಿಮೆ.

ಸಾಮಾನು ವಾಪಸ್ ತರುವ ಮನೆಯವರೇ ಈ ಸೇವೆಯ ನಿಜವಾದ ದಾನಿಗಳು, ಅವರಿಗೆ ಮನವಿ ಪತ್ರ ಬೇಡ. ‘ಠೇವಣಿ ಇಲ್ಲೇ ಇರಲಿ’ ಎನ್ನುವವರು ಸಿಗುತ್ತಾರೆ. ಆಗಲೂ ಸರಿಯಾದ ಕ್ರಮ ಒಂದೇ. ಠೇವಣಿಯನ್ನು ಪೂರ್ತಿ ವಾಪಸ್ ಕೊಟ್ಟು ಸಹಿ ಪಡೆಯಿರಿ. ಕೊಡುವ ಮನಸ್ಸಿದ್ದರೆ ಅವರು ಮನೆಗೆ ಹೋಗಿ, ತಮಗೆ ಬೇಕಾದ ಮೊತ್ತವನ್ನು ಖಾತೆಗೆ ಹಾಕಲಿ, ಪ್ಯಾನ್ ಸಮೇತ ಹೊಸ ರಶೀದಿ ಮಾಡಿ. ಠೇವಣಿ ರಶೀದಿಯ ಮೇಲೆಯೇ ‘ದೇಣಿಗೆ’ ಎಂದು ಗೀಚಿ ಕೊಡುವ ಅಭ್ಯಾಸ ಹಲವು ಕಡೆ ಉಂಟು. ಲೆಕ್ಕಪರಿಶೋಧಕರು ಮೊದಲು ಬೆರಳಿಡುವುದು ಅಲ್ಲಿಗೇ.